ಆರುನೂರ ಹನ್ನೆರಡು ಬೈಟು

ನಮ್ಮ ಕಂಪ್ಯೂಟರಿಗೆ ಹನ್ನೊಂದು ವರ್ಷ.
ಒತ್ತಿದರೆ ಏಳುತ್ತದೆ, ಎದ್ದದ್ದಕ್ಕೆ ಗೊಣಗುತ್ತದೆ,
ಲಿಫ್ಟು ಕೆಟ್ಟ ದಿನ ಪ್ಲೊವ್ದಿವ್‌ನ ಈ ಆರನೇ ಮಹಡಿಗೆ
ಚೀಲ ಹೊತ್ತು ಹತ್ತಿ ಬಂದ ನನ್ನ ಹಾಗೆ.
ಎರಡೇ ಗಿಗಾಬೈಟು ನೆನಪು ಅದಕ್ಕೆ.
ಅದರಲ್ಲೇ ಜೇನು ಸಹಕಾರ ಸಂಘದ ಲೆಕ್ಕ:
ನಾಲ್ಕುನೂರ ಮೂವತ್ತು ಗೂಡು, ಹತ್ತೊಂಬತ್ತು ಸದಸ್ಯರು, ಒಬ್ಬ ಸುಳ್ಳ.
ಮಗಳ ಮದುವೆಯ ಫೋಟೊಗಳೂ ಅಲ್ಲೇ.

ಒಂದು ಆಂಟಿವೈರಸ್ ಹಾಕಿಸಿ ಎಂದಳು ಬ್ಯಾಂಕಿನ ಹುಡುಗಿ.
ಹಗುರದ್ದೇ ಆಗಬೇಕು ಎಂದ ನನ್ನ ಗಂಡ ಒಗ್ನ್ಯಾನ್.
ಲಿಫ್ಟು ರಿಪೇರಿಯವನು, ತೂಕ ಅಂದರೇನು ಬಲ್ಲವನು.
"ಎಂಟು ಜನರ ಡಬ್ಬಿಗೆ ಒಂಬತ್ತನೆಯವನು
ಕಾವಲುಗಾರನಾದರೂ ಹೊರೆಯೇ."

ಮೊದಲನೆಯದು ಬಂತು ಬೀಗರ ಹಾಗೆ, ಪರಿವಾರ ಸಮೇತ.
ಹವಾಮಾನ ಹೇಳುವವನೊಬ್ಬ,
ಪಾಸ್‌ವರ್ಡು ಕಾಯುವವಳೊಬ್ಬಳು,
ಕಸ ಗುಡಿಸುತ್ತೇನೆಂದು ಬಂದು
ಕುರ್ಚಿ ಎಳೆದುಕೊಂಡು ಕೂತವನು ಇನ್ನೊಬ್ಬ.
ಫ್ಯಾನು ಬೊಬ್ಬೆ ಹಾಕಿತು.
ಲೆಕ್ಕದ ಹಾಳೆ ತೆರೆಯುವಷ್ಟರಲ್ಲಿ ನಾನು
ಕೆಂಪು ಮೆಣಸು ಸುಟ್ಟು, ಸಿಪ್ಪೆ ಸುಲಿದು, ಆರು ಬಾಟಲಿ ತುಂಬಿದ್ದೆ.
ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ
ಇದೇ ಇರಬೇಕು.

ಎರಡನೆಯದಕ್ಕೆ ಮೈ ಭಾರವಿಲ್ಲ, ಬಾಯಿ ಭಾರ.
ಗಂಟೆಗೊಮ್ಮೆ ಮೂಲೆಯಿಂದ ತಲೆ ಹಾಕಿ
ನೀವು ಅಪಾಯದಲ್ಲಿದ್ದೀರಿ ಅನ್ನುತ್ತದೆ.
ವರ್ಷಕ್ಕೆ ಇಷ್ಟು ಕೊಟ್ಟರೆ ಇರುವುದಿಲ್ಲ ಅನ್ನುತ್ತದೆ, ಮೆಲ್ಲಗೆ.
ಇಂಥ ರಕ್ಷಕರನ್ನು ನಾವು ತೊಂಬತ್ತರ ದಶಕದಲ್ಲಿ ಕಂಡವರು.
ಅಪ್ಪನ ಅಂಗಡಿಯ ಗಾಜಿಗೆ ಅವರ ಸ್ಟಿಕ್ಕರು ಅಂಟಿತ್ತು;
ಅಂಟದಿದ್ದ ಪಕ್ಕದಂಗಡಿಗೆ ಗಾಜೇ ಇರಲಿಲ್ಲ.

ಮೂರನೆಯದು ಬಂದದ್ದೇ ತಿಳಿಯಲಿಲ್ಲ.
ಗಡಿಯಾರದ ಪಕ್ಕ ಸಾಸಿವೆಯಷ್ಟು ಹಸಿರು ಚುಕ್ಕೆ.
ಇಷ್ಟು ಬಡಕಲನಿಗೆ ಹಲ್ಲಾದರೂ ಇದೆಯೋ ಎಂದೆ.

ಒಗ್ನ್ಯಾನ್ ಮಾತಾಡದೆ ಒಳಗೆ ಹೋದ.
ಕಪಾಟಿನ ಮೇಲಿನ ಬೂಟಿನ ಡಬ್ಬಿಯಿಂದ
ಒಂದು ಫ್ಲಾಪಿ ತಂದ, ಅದನ್ನೋದುವ ಯಂತ್ರವನ್ನೂ ತಂದ.
ಕನ್ನಡಕ ಎಲ್ಲಿಟ್ಟೆನೆಂದು
ದಿನಾ ನನ್ನನ್ನು ಕೇಳುವ ಗಂಡಸು.

ಹದಿನೇಳನೆಯ ವಯಸ್ಸಿಗೆ ಅವನೇ ಬರೆದ ವೈರಸ್ಸಂತೆ.
ಹೀಟರಿಲ್ಲದ ಶಾಲೆಯ ಕೋಣೆ,
ಬೆರಳು ಕತ್ತರಿಸಿದ ಕೈಗವಸು,
ಆರುನೂರ ಹನ್ನೆರಡು ಬೈಟು.
ಏನನ್ನೂ ಅಳಿಸದು, ಏನನ್ನೂ ಕದಿಯದು.
ಶುಕ್ರವಾರ ಸಂಜೆ ಐದಕ್ಕೆ ಪರದೆಯ ನಡುವೆ
ಒಂದು ಹೆಸರು ಬರೆದು ಸುಮ್ಮನಾಗುತ್ತದೆ.
"ಅದಕ್ಕಿಂತ ಹಗುರವಾದದ್ದನ್ನು
ಆಮೇಲೆ ನಾನು ಮಾಡಲೇ ಇಲ್ಲ" ಅಂದ.

ಯಾರ ಹೆಸರು?
ಕಲಿನಾ.

ನನ್ನ ಹೆಸರು ಕಲಿನಾ ಅಲ್ಲ.

ಮೊದಲೆರಡಕ್ಕೂ ನನಗೆ ಹೇಳದೆ ಇದೇ ಫ್ಲಾಪಿ ತೋರಿಸಿದ್ದನಂತೆ.
ಏನೂ ಇಲ್ಲ, ಎಲ್ಲ ಸ್ವಚ್ಛ, ಎಂದಿದ್ದವಂತೆ ಎರಡೂ.
ಈಗ ಸಾಸಿವೆ ಕೆಂಪಾಯಿತು.
ಎಲ್ಲೋ ಯಾರೋ, ಅವನ ಮುಖ ಕಾಣದವರು,
ಆ ಪುಟ್ಟ ಪೋಕರಿಗೊಂದು ಸಂಖ್ಯೆ ಕೊಟ್ಟು
ಮೂವತ್ತೈದು ವರ್ಷ ಪಟ್ಟಿಯಿಂದ ಕೈಬಿಡದೆ ಇಟ್ಟುಕೊಂಡಿದ್ದರು.
ಒಗ್ನ್ಯಾನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ,
ಒರೆಸುತ್ತಲೇ ಇದ್ದ.

ಯಂತ್ರ ಕೇಳಿತು: ಅಳಿಸಲೇ? ಬಿಡಲೇ? ಬೇರೆ ಇಡಲೇ?
ಮೌಸು ನನ್ನ ಕೈಯಲ್ಲಿತ್ತು.
ಇಪ್ಪತ್ತೆಂಟು ವರ್ಷ ಇವನ ಗ್ರೀಸು ಮೆತ್ತಿದ ಅಂಗಿ ಒಗೆದ ಕೈ.
ಅಳಿಸು ಎಂಬುದರ ಮೇಲೆ ಬಾಣ
ಸ್ವಲ್ಪ ಹೊತ್ತು ನಿಂತದ್ದು ನಿಜ.

ಬೇರೆ ಇಡು, ಎಂದು ಒತ್ತಿದೆ.
ಆರುನೂರ ಹನ್ನೆರಡು ಬೈಟು, ಎಷ್ಟು ಜಾಗ ಬೇಕು ಅದಕ್ಕೆ?
ಸತ್ತಿಲ್ಲ, ಓಡಾಡುವಂತಿಲ್ಲ.
ಬೀಗದ ಕೈ ಮನೆಯಲ್ಲೇ ಇದೆ.

ಮೂರನೆಯದನ್ನೇ ಇಟ್ಟುಕೊಂಡೆವು.
ಲೆಕ್ಕದ ಹಾಳೆ ಈಗ ತಟ್ಟನೆ ತೆರೆಯುತ್ತದೆ.

ಇವತ್ತು ಶುಕ್ರವಾರ, ಐದಕ್ಕೆ ಹತ್ತು ನಿಮಿಷ.
ಕುರ್ಚಿಯ ಹಿಂದೆ ಬಂದು ನಿಂತಿದ್ದಾನೆ,
ಲಿಂಡನ್ ಹೂವಿನ ಚಹಾ ಮಾಡಲೇ ಎನ್ನುತ್ತಾನೆ,
ಎಂದೂ ಚಹಾ ಮಾಡದವನು.
ಮಾಡು ಎಂದು ನಾನು ಎಣಿಸುತ್ತಿದ್ದೇನೆ:
ನಾಲ್ಕುನೂರ ಇಪ್ಪತ್ತೊಂಬತ್ತು,
ನಾಲ್ಕುನೂರ ಮೂವತ್ತು.