ಡ್ರೈವರ್ ಕಡೆ

ಮೊದಲು ಬೆಚ್ಚನೆ ನೀರು, ಪಾತ್ರೆ ಸೋಪು ಎರಡು ತೊಟ್ಟು.
ಕುದಿನೀರು ಬೇಡ. ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಸೊಟ್ಟಗಾದರೆ
ಆಮೇಲೆ ಯಾವ ಬಾಗಿಲೂ ಯಾವ ಸೀಟೂ ಕೂರುವುದಿಲ್ಲ.

ಅರವತ್ತು ವರ್ಷದ ಅಂಟು
ಅರ್ಧ ಗಂಟೆಯಲ್ಲಿ ಮೆತ್ತಗಾಯಿತು.
ಮಖಮಲ್ಲಿನ ಪುಡಿ, ಒಂದು ಕಾಲದ ಕೆಂಪು,
ಈಗ ಬೆಕ್ಕು ಮಲಗಿ ಎದ್ದ ಕುರ್ಚಿಯ ಬಣ್ಣ,
ಹಲ್ಲುಕಡ್ಡಿಯ ತುದಿಗೆ ಸುರುಳಿಯಾಗಿ ಬಂತು.
ಮೂಲೆಗಳಲ್ಲಿ ಮಾತ್ರ ಹಟ.

ನೆಲಮಾಳಿಗೆಯ ಕಿಟಕಿಗೆ ಹಿಮ ಅರ್ಧದವರೆಗೆ.
ಸೌತ್ ಬೆಂಡಿನ ಫೆಬ್ರವರಿಯಲ್ಲಿ
ಎಪ್ಪತ್ತೆರಡರ ಮುದುಕನಿಗೆ ಬೇರೇನು ಕೆಲಸ.
ಬಾಯ್ಲರು ಗೊಣಗುತ್ತದೆ, ನಾನು ಕೆರೆಯುತ್ತೇನೆ.

ಬಣ್ಣ ಸೋಪಿಗೆ ಬಗ್ಗುವುದಿಲ್ಲ.
ಉಪ್ಪಿನಲ್ಲಿಟ್ಟ ಸೌತೆಯ ಜಾಡಿ ತೊಳೆದು
ಬ್ರೇಕ್ ಆಯಿಲ್ ತುಂಬಿ
ಕಾರಿನ ಹೊಟ್ಟೆಯನ್ನು ಮುಳುಗಿಸಿಟ್ಟೆ, ಒಂದು ರಾತ್ರಿ.
ಹೆಚ್ಚು ಬಿಟ್ಟರೆ ಪ್ಲಾಸ್ಟಿಕ್ಕೇ ಪುಡಿ ಎನ್ನುತ್ತಾರೆ.
ಬೆಳಿಗ್ಗೆ ಕಂದು ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು.
ಗ್ಲೌಸು ಹಾಕಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ.
ಹಿಂದಿನ ಸೀಟು ಬೆಳ್ಳಗೆ ಬಂತು, ಹೊಲಿಗೆಯ ಗೆರೆ ಸಮೇತ.
ಮುಂದಿನ ನೆಲ,
ಪೆಡಲುಗಳ ಬಳಿ,
ಸಪಾಟಾಗಲಿಲ್ಲ.

ಕೊಳೆ ಎಂದುಕೊಂಡೆ.
ಭೂತಗನ್ನಡಿ ಹಿಡಿದೆ.
ಸುಳಿ. ಸುಳಿಯೊಳಗೆ ಸುಳಿ.
ಚೆಲ್ಲಿದ ಅಂಟಿಗೆ ಕರಗಿ ಮತ್ತೆ ಗಟ್ಟಿಯಾದ ಪ್ಲಾಸ್ಟಿಕ್ಕಿನಲ್ಲಿ
ಒಂದು ಹೆಬ್ಬೆಟ್ಟು.
ಸ್ಟೀರಿಂಗು, ರೇಡಿಯೋ, ಸಿಗರೇಟಿನ ಬೂದಿತಟ್ಟೆ,
ಎಲ್ಲವೂ ಇಲ್ಲಿ ಇಪ್ಪತ್ತೈದರಲ್ಲಿ ಒಂದು ಪಾಲು.
ಇದೊಂದು ಮಾತ್ರ ನಿಜದ ಅಳತೆ.
ಆದರೂ ಚಿಕ್ಕದು. ಅಡ್ಡಕ್ಕೊಂದು ಗಾಯದ ಗೆರೆ,
ಆ ಬೇಸಿಗೆ ಮೀನಿನ ಡಬ್ಬಿಯ ಮುಚ್ಚಳ ಸೀಳಿದ್ದು.
ಬಟ್ಟೆ ಕಟ್ಟಿದವನು ನಾನೇ.

ಡಿಸೆಂಬರಿನಲ್ಲಿ ಅಪ್ಪನ ಕಾರ್ಖಾನೆ ಮುಚ್ಚಿತು.
ಅದೇ ವಾರ ನನ್ನ ಕಾರಿನ ಗೇರು ಮುರಿದಿತ್ತು, ಅಂಟು ಚೆಲ್ಲಿತ್ತು.
ಮನೆಮನೆಗೆ ಪೇಪರ್ ಎಸೆದು ಕೂಡಿಸಿದ ದುಡ್ಡು.
ಅಡುಗೆಮನೆಯಲ್ಲೇ ವಿಚಾರಣೆ, ಹತ್ತು ವರ್ಷದ ಜಡ್ಜು ನಾನು.
ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ.
ತಂಗಿ ಯಾಜಾ ಬೀಟ್‌ರೂಟ್ ಸೂಪಿನಿಂದ ಕಣ್ಣೆತ್ತಲಿಲ್ಲ.
ಕಡೆಗೆ ಹಿಂದಿನ ಸಂಜೆ ಬಂದುಹೋಗಿದ್ದ ಚಿಕ್ಕಮ್ಮನ ಮಗ
ಯೂಜೀನನ ತಲೆಗೆ ಕಟ್ಟಿದೆ.
ಎರಡು ಈಸ್ಟರ್ ಅವನು ನಮ್ಮ ಮೆಟ್ಟಿಲು ಹತ್ತಲಿಲ್ಲ.
ಹೋದ ವರ್ಷ ಅವನ ಶವಪೆಟ್ಟಿಗೆಗೆ ನಾನೂ ಒಂದು ಹೆಗಲು.

ಅಪ್ಪ ಆ ರಾತ್ರಿ ಕಾರನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ
'ಇದಕ್ಕೊಂದು ಕಾರ್ಪೆಟ್ ಹಾಕಿಬಿಡೋಣ' ಅಂದಿದ್ದ.
ಕೊನೆಯ ಪಾಳಿ ಮುಗಿಸಿ ಊಟದ ಡಬ್ಬಿಯಲ್ಲಿ
ಅವನು ಕಾರ್ಖಾನೆಯಿಂದ ತಂದದ್ದು ಅಷ್ಟೇ:
ಗ್ಲೌ ಬಾಕ್ಸಿನ ಒಳಮೈಗೆ ಹೊಡೆಯುವ ಕೆಂಪು ಪುಡಿ, ಒಂದು ಹಿಡಿ.
ಅಮ್ಮನ ಟೀ ಜಾಲರಿಯನ್ನು ಬೆರಳಲ್ಲಿ ತಟ್ಟಿ ತಟ್ಟಿ ಉದುರಿಸಿದ,
ಡ್ರೈವರ್ ಕಡೆ ಎರಡು ಸಲ.
ನನಗಾಗ ಅದು ಧಾರಾಳ ಅನಿಸಿತ್ತು.

ಮರಳುಕಾಗದ ಕೈಯಲ್ಲಿದೆ, ನಾನೂರನೇ ನಂಬರಿನದು.
ಹತ್ತು ಸಲ ಎಳೆದರೆ ನೆಲ ನೆಲವಾಗುತ್ತದೆ.

ಫೋನು ಹಚ್ಚಿದೆ.
ಮಂಡಿನೋವು, ಹೊಸ ಡಾಕ್ಟರು, ಫೋರ್ಟ್ ವೇನಿನಲ್ಲಿ ಎಷ್ಟು ಹಿಮ.
ನೀನೇನು ಮಾಡ್ತಿದೀಯ ಕಾಜ್?
ಹಳೇ ಕಾರಿನ ಕಾರ್ಪೆಟ್ ಕೀಳ್ತಿದೀನಿ.
ಯಾವುದು, ಆ ಕಂದು ಬಣ್ಣದ್ದಾ?
ಹೂಂ.

ಆ ಕಡೆ ಕಪ್ಪಿನಲ್ಲಿ ತಿರುಗುತ್ತಿದ್ದ ಚಮಚದ ಸದ್ದು
ನಿಂತಿತು.
ಡ್ರೈವರ್ ಕಡೆ
ಜಾಸ್ತಿ ಕೆರೀಬೇಡ ಕಣೋ, ಅಂದಳು.

ಇಲ್ಲ ಕಣೆ, ಅಂದೆ,
ಅಲ್ಲಿಗೆ ಇನ್ನೂ ಬಂದಿಲ್ಲ.