ಇಪ್ಪತ್ತನಾಲ್ಕು ಎಂದು ಕೊರೆದದ್ದು

ತಿರುಪು ಮರದೊಳಗೆ ಇಳಿಯುವ ಹಾಗೆ
ಒಂದು ಸುತ್ತಿಗೆ ಇಪ್ಪತ್ತನಾಲ್ಕು ಇಂಚು
ಮುಂದೆ ಹೋಗಬೇಕು ಈ ಪ್ರೊಪೆಲರ್.
ಆದರೆ ನೀರೇನು ಮರವೇ?
ಹಿಡಿದಲ್ಲೇ ಬಿಟ್ಟುಕೊಡುವ ಜಾತಿ ಅದು.
ಹೋಗಬೇಕಾದ್ದರಲ್ಲಿ ಹೋಗದೆ ಉಳಿದದ್ದಕ್ಕೆ
ಇಲ್ಲಿಯವರು ಸ್ಲಿಪ್ ಅನ್ನುತ್ತಾರೆ,
ನನ್ನ ಪುಸ್ತಕದಲ್ಲಿ ಅದು 'ಜಾರು'.

ಯಾರವೊಂಗಾದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ನಾನು.
ಡಲ್ಸಿ ಟ್ರೆಗಿಯರ್ ನನ್ನನ್ನು ಕರೆದದ್ದು ಸ್ನೇಹಕ್ಕಲ್ಲ:
"ಸ್ಟೀರಿಂಗ್ ಬಿಡೋಕಾಗಲ್ಲ ನನಗೆ,
ಪೆನ್ಸಿಲ್ ನೀನು ಹಿಡಿ."

ಏಪ್ರಿಲ್ ಕೊನೆಯ ಬೆಳಗು. ಮಲ್ವಾಲಾ ಸರೋವರದಲ್ಲಿ
ಅಣೆಕಟ್ಟಿಗೆ ಮುಳುಗಿ ಸತ್ತ ರೆಡ್‌ಗಮ್ ಮರಗಳು
ಸತ್ತಮೇಲೂ ನಿಂತೇ ಇವೆ, ಸೊಂಟದವರೆಗೆ ನೀರು.
ಒಂದರ ತುದಿಯಲ್ಲಿ ನೀರುಕಾಗೆ ರೆಕ್ಕೆ ಒಣಹಾಕಿದೆ.
"ಕಾಣೋ ಮರಕ್ಕೆ ಹೆದರಬೇಡ" ಎಂದಳು ಡಲ್ಸಿ,
"ಕಾಣದ ಬುಡಗಳೇ ನಮ್ಮನೆಗೆ ಅನ್ನ ಹಾಕಿದ್ದು."
ಬುಡಕ್ಕೆ ಬಡಿದು ಸೊಟ್ಟಗಾದ ಎಲೆಗಳನ್ನು
ಬಡಿದು ನೆಟ್ಟಗೆ ಮಾಡುತ್ತಿದ್ದ ಅವಳಪ್ಪ ಸೆಲ್ವಿನ್,
ನಲವತ್ತು ವರ್ಷ, ಅದೇ ತಗಡಿನ ಶೆಡ್ಡು.

ದೋಣಿ ಕ್ಲಬ್ಬಿನ ಗೋಡೆಯ ಮೇಲೆ, ಗಾಜಿನ ಹಿಂದೆ,
ಅವನ ಕೈಬರಹ: ಜಾರು, ನೂರಕ್ಕೆ ಎರಡೂವರೆ.
ಹತ್ತು ಬಂದರೆ ಹಬ್ಬ ಮಾಡುವವರ ಊರಲ್ಲಿ ಎರಡೂವರೆ!
ನೀರು ಅವನ ಮಾತು ಕೇಳುತ್ತಿತ್ತು ಎಂದು
ಇಂದಿಗೂ ಎರಡನೆಯ ಬಿಯರಿಗೆ ಹೇಳುತ್ತಾರೆ.
ಮಗಳ ಕೈಗೆ ಮಾತ್ರ ಹನ್ನೆರಡೂವರೆ, ಹನ್ನೊಂದು, ಮತ್ತೆ ಹನ್ನೆರಡು.
ಎಂಜಿನ್ನನ್ನು ಒಂದು ತೂತು ಮೇಲೇರಿಸಿ ನೋಡಿದಳು.
ಎಲೆ ಗಾಳಿ ಕಚ್ಚಿತು, ಎಂಜಿನ್ ಕಿರುಚಿಕೊಂಡಿತು,
ದೋಣಿ, ಬೈಸಿಕೊಂಡ ಕೋಣದ ಹಾಗೆ, ಅಲ್ಲೇ.

ಇವತ್ತು ಅಪ್ಪನದೇ ಪ್ರೊಪೆಲರ್ ಮೊಳೆಯಿಂದಿಳಿದಿದೆ.
ಐದು ಸಾವಿರದ ಎಂಟುನೂರು ಸುತ್ತು.
ಮೂಗು ಎತ್ತಿ, ಹೊಟ್ಟೆ ಎತ್ತಿ, ಕೊನೆಗೆ
ಹಿಂಬದಿಯ ಒಂದು ಗೇಣು ಮಾತ್ರ ನೀರಿನಲ್ಲಿ,
ಕೆನ್ನೆ ಕಿವಿಯತ್ತ ಹರಿದು, ಕಣ್ಣೀರು ಅಡ್ಡಡ್ಡ,
ಗಂಟೆಗೆ ನೂರ ಹದಿನೆಂಟು ಕಿಲೋಮೀಟರ್!
ನಡುಗುವ ಪೆನ್ಸಿಲಿನಲ್ಲಿ ಭಾಗಿಸಿದೆ. ಹೋಗಬೇಕಾದ್ದು ನೂರ ಇಪ್ಪತ್ತೊಂದು.
ಎರಡೂವರೆ.
ಡಲ್ಸಿ ಎಂಜಿನ್ ಆರಿಸಿ ಸುಮ್ಮನೆ ಕೂತಳು.
ನಮ್ಮದೇ ಅಲೆ ಹಿಂದಿನಿಂದ ಬಂದು ನಮ್ಮನ್ನು ಎತ್ತಿ ಇಳಿಸಿತು.

ನನಗೋ ಹಾಳು ಚಾಳಿ.
ತೀರಾ ಒಳ್ಳೆಯ ಉತ್ತರ ಕಂಡರೆ
ಮೊದಲು ಕೆಂಪು ಸುತ್ತು ಹಾಕುವ ಕೈ ಇದು.

ಶೆಡ್ಡಿನಲ್ಲಿ ಅಳತೆಗೋಲು ಎಲೆಯ ಮೇಲೆ ಕೂತಿತು:
ಇಪ್ಪತ್ತಾರು. ಮುಂದಿನ ಎಲೆಯೂ. ಅದರ ಮುಂದಿನದೂ.
ಹೊಳಪಿನ ಕೆಳಗೆ, ಬೆರಳಿಗೆ ಮಾತ್ರ ಸಿಗುವ ಹಳೆಯ ತಗ್ಗುಗಳು.
ಯಾವುದೋ ಬುಡ, ಯಾವುದೋ ರಾತ್ರಿಯ ರಿಪೇರಿ.
ಒಂದು ಸುತ್ತಿಗೆ ಇಷ್ಟು ಎಂದು ಕೊರೆದದ್ದನ್ನು
ಇನ್ನೊಂದು ಸುತ್ತಿಗೆ ಬದಲಿಸಿತ್ತು,
ಕೊರೆದ ಅಂಕಿ ಹಾಗೇ ಇತ್ತು.

ನೂರ ಮೂವತ್ತೊಂದು ಹೋಗಬೇಕಾದಲ್ಲಿ ನೂರ ಹದಿನೆಂಟು.
"ಹತ್ತು" ಎಂದೆ, ಮಾರ್ಕ್ಸ್ ಕಳೆಯುವ ದನಿಯಲ್ಲಿ, ಛೆ.

ಅವನಿಗೆ ಗೊತ್ತಿತ್ತೆ? ಇಬ್ಬರೂ ಕೇಳಲಿಲ್ಲ.
ಕೆಟಲ್ ಕೂಗಿ ತಾನೇ ಸುಮ್ಮನಾಯಿತು.
ಏನಾದರೂ ಹೇಳಬೇಕೆಂದು ಹೇಳಿದೆ:
"ಜಾರದೇ ಇದ್ದರೆ ನೂಕೋದೂ ಇಲ್ಲ ಡಲ್ಸಿ,
ಒಂದಿಷ್ಟು ನೀರನ್ನ ಹಿಂದಕ್ಕೆ ಬಿಡಲೇಬೇಕು."
"ಅದು ನಂಗೊತ್ತು" ಎಂದಳು,
ಆರನೇ ವಯಸ್ಸಿಗೇ ಇದನ್ನು ಕೇಳಿದವಳಂತೆ.

ತೋಳಿನ ಬಟ್ಟೆಯಿಂದ ಎಲೆ ಒರೆಸಿದಳು, ಮೂರನ್ನೂ.
"ವೇಗ ನಿಜ ತಾನೆ?"
"ವೇಗ ನಿಜ."
"ಹಾಗಾದ್ರೆ ಆ ನಟ್ಟು ಕೊಡು.
ಗಾಳಿ ಏಳೋ ಮುಂಚೆ ಇನ್ನೊಂದು ಸಲ."