ಫೆಬ್ರವರಿಯ ದಾರಿ

ದೂರದಲ್ಲೆಲ್ಲೋ ಎರಡು ಕಂಪನಿಗಳು
ಒಲೆ ಬೇರೆ ಮಾಡಿಕೊಂಡವಂತೆ.
ರಾತ್ರಿ ಅಪ್‌ಡೇಟು. ಬೆಳಗ್ಗೆ
ಫೋನುಗಳಲ್ಲಿ ಹಳೆಯ ನಕ್ಷೆ ಮಾಯ,
ಹೊಸದು ಕೇಳದೆಯೇ ಯಜಮಾನ.

ಹೀಯುಮಾ ದ್ವೀಪದ ಬಾಲ್ಟಿಕ್ ದಂಡೆಯಲ್ಲಿ
ಹೊಗೆಮೀನು ಮಾರುವ ನನಗೇನು?
ಆದರೆ ಜೂನಿನಿಂದ
ಕಾರುಗಳು ನನ್ನ ಗಾಡಿ ದಾಟಿ
ಕಡಲಿಗೇ ಇಳಿಯುತ್ತಿವೆ.
“ನೇರ ಹೋಗಿ, ಇಪ್ಪತ್ತಾರು ಕಿಲೋಮೀಟರು”
ಅನ್ನುತ್ತದೆ ಒಳಗಿನ ಹೆಣ್ಣುದನಿ.
ಮೊಣಕಾಲುದ್ದ ನೀರಲ್ಲೂ ಅದೇ ಸಮಾಧಾನ.

ಆಡೋ ಟ್ರ್ಯಾಕ್ಟರ್ ತಂದು ಎಳೆಯುತ್ತಾನೆ,
ಕಾರಿಗೆ ಮೂವತ್ತು ಯೂರೋ.
ಹೆಲ್ಸಿಂಕಿಯ ಹುಡುಗನೊಬ್ಬ ಸಾಕ್ಸು ಹಿಂಡುತ್ತ
ಕೇಳಿದ: “ಯಾರ ನಕ್ಷೆ ಸರಿ?”

“ನಿನ್ನದೇ ಸರಿಯಪ್ಪ,” ಅಂದ ಆಡೋ
ಹಗ್ಗ ಸುತ್ತುತ್ತ.
“ದಾರಿ ಅಲ್ಲೇ ಇದೆ.
ಇನ್ನೂ ಹೆಪ್ಪುಗಟ್ಟಿಲ್ಲ, ಅಷ್ಟೇ.
ಫೆಬ್ರವರಿಯಲ್ಲಿ ಬಾ.”

ಹುಡುಗ ನನ್ನಲ್ಲಿ ಎರಡು ಮೀನು ಕೊಂಡ.
ದಾರಿ ಕೇಳಲಿಲ್ಲ.